ಪಾತ್ರದ ಮರೆಯಲ್ಲಿ ಮಾತು: ವಯಸ್ಕರ ಆಪ್ತಸಮಾಲೋಚನೆಯಲ್ಲಿ ನಾಟಕ ಮತ್ತು ಕಲೆ

ವಯಸ್ಕರ ಆಪ್ತಸಮಾಲೋಚನೆ ಬಹುಮಟ್ಟಿಗೆ ಮಾತನ್ನೇ ನೆಚ್ಚಿಕೊಂಡು ನಡೆಯುತ್ತದೆ. ಆದರೆ ದೊಡ್ಡವರಿಗೆ ಮಾತು ಹೇಳಿಕೊಳ್ಳಲು ಎಷ್ಟು ಒದಗುತ್ತದೋ ಮುಚ್ಚಿಡಲೂ ಅಷ್ಟೇ ಒದಗುತ್ತದೆ. ತೀರಿಕೊಂಡ ತಂದೆಯ ಮೇಲೆ ಇನ್ನೂ ಆರದ ಸಿಟ್ಟನ್ನು ‘ಅದೆಲ್ಲ ಹಳೇ ಕಥೆ ಬಿಡಿ’ ಎಂದು ತೇಲಿಸಿಬಿಡುವವರುಂಟು. ನಾಟಕವೂ ಚಿತ್ರಕಲೆಯೂ ಸಮಾಲೋಚನೆಗೆ ಬೇಕಾಗುವುದು ಇಂಥ ಕಡೆ.

ನಾಟಕದ ದಾರಿಯಲ್ಲಿ ಮೊದಲು ಬರುವ ಹೆಸರು ಜೇಕಬ್ ಲೆವಿ ಮೊರೆನೊ. 1889ರಲ್ಲಿ ಬುಕಾರೆಸ್ಟ್‌ನಲ್ಲಿ ಹುಟ್ಟಿ, ವಿಯೆನ್ನಾದಲ್ಲಿ ವೈದ್ಯಕೀಯ ಓದಿದ ಆತ 1920ರ ದಶಕದ ಆರಂಭದಲ್ಲಿ ಅಲ್ಲಿ ಆಶುನಾಟಕದ ತಂಡವೊಂದನ್ನು ನಡೆಸುತ್ತಿದ್ದ. ಬರೆದ ಪಠ್ಯವಿಲ್ಲ, ತಾಲೀಮೂ ಇಲ್ಲ. ರಂಗದ ಮೇಲೆ ಸದಾ ಸೌಮ್ಯ ಪಾತ್ರಗಳನ್ನೇ ಮಾಡುತ್ತಿದ್ದ ಬಾರ್ಬರಾ ಎಂಬ ನಟಿ ಮನೆಯಲ್ಲಿ ಜಗಳಗಂಟಿ ಎಂದು ಗಂಡ ದೂರು ತಂದ. ಮೊರೆನೊ ಆಕೆಗೆ ಒರಟು, ಬಜಾರಿ ಪಾತ್ರಗಳನ್ನು ಕೊಡತೊಡಗಿದ. ಮನೆಯ ಜಗಳ ತಗ್ಗುತ್ತ ಬಂತು. ಆಮೇಲೆ ಗಂಡನೂ ರಂಗಕ್ಕೆ ಬಂದ, ಇಬ್ಬರೂ ತಮ್ಮ ಸಂಸಾರದ ದೃಶ್ಯಗಳನ್ನೇ ಆಡಿದರು. ಕಥೆ ಹೇಳಿದವನು ಮೊರೆನೊನೇ ಆದ್ದರಿಂದ ಕೊಂಚ ಸೋಡಿ ಬಿಟ್ಟು ಕೇಳಬೇಕು. 1925ರಲ್ಲಿ ಅಮೆರಿಕಕ್ಕೆ ಹೋದ ಆತ 1936ರಲ್ಲಿ ನ್ಯೂಯಾರ್ಕ್ ರಾಜ್ಯದ ಬೀಕನ್‌ನಲ್ಲಿ ಆಸ್ಪತ್ರೆ ತೆರೆದು, ಅದರೊಳಗೇ ರಂಗಮಂಚ ಕಟ್ಟಿಸಿದ. ಸ್ವಂತ ಬದುಕಿನ ದೃಶ್ಯಗಳನ್ನೇ ಆಡಿ ನೋಡುವ ಈ ವಿಧಾನ ‘ಸೈಕೋಡ್ರಾಮಾ’ ಎಂಬ ಚಿಕಿತ್ಸಾ ಪದ್ಧತಿಯಾಗಿ ಬೆಳೆದದ್ದು ಅಲ್ಲಿ. ಚಿತ್ರದ ದಾರಿ ಬೇರೆ. ಕ್ಷಯರೋಗದಿಂದ ಸ್ಯಾನಿಟೋರಿಯಂ ಸೇರಿದ್ದ ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್ ಹಾಸಿಗೆಯಲ್ಲೇ ಚಿತ್ರ ಬರೆಯುತ್ತ ಚೇತರಿಸಿಕೊಂಡು, 1942ರ ಹೊತ್ತಿಗೆ ‘ಆರ್ಟ್ ಥೆರಪಿ’ ಎಂಬ ಹೆಸರನ್ನು ಚಲಾವಣೆಗೆ ತಂದ.

ಸೈಕೋಡ್ರಾಮಾದ ಒಂದು ಕೂಟ ಮೂರು ಹಂತಗಳಲ್ಲಿ ಸಾಗುತ್ತದೆ: ಮೈಮನಸ್ಸು ಸಡಿಲಗೊಳಿಸುವ ಆಟ, ಆಮೇಲೆ ಒಬ್ಬರ ಬದುಕಿನ ದೃಶ್ಯ, ಕೊನೆಗೆ ಎಲ್ಲರ ಹಂಚಿಕೆ. ತಂದೆಯ ಮೇಲೆ ಸಿಟ್ಟಿರುವ ಐವತ್ತರ ಗಂಡಸೊಬ್ಬನನ್ನೇ ಕಲ್ಪಿಸಿಕೊಳ್ಳಬಹುದು. ಅವನೆದುರು ಒಂದು ಖಾಲಿ ಕುರ್ಚಿ. ಕಾಲೇಜು ಬಿಡಿಸಿದ್ದೇಕೆ ಎಂದು ಆ ಕುರ್ಚಿಯನ್ನು ಕೇಳುತ್ತಾನೆ. ಆಗ ನಿರ್ದೇಶಕನ ಸ್ಥಾನದಲ್ಲಿರುವ ಸಮಾಲೋಚಕರು ಜಾಗ ಬದಲಿಸಲು ಹೇಳುತ್ತಾರೆ. ಅವನು ಆ ಕುರ್ಚಿಯಲ್ಲಿ ಕೂತೊಡನೆ ಬೆನ್ನು ಬಾಗುತ್ತದೆ, ಕೈ ಮೊಣಕಾಲ ಮೇಲೆ ಊರುತ್ತದೆ. ಅದು ತಂದೆ ಕೂರುತ್ತಿದ್ದ ರೀತಿ. ‘ಎತ್ತು ಮಾರಿಯಾಗಿತ್ತು ಮಗಾ, ನಿನಗೆ ಹ್ಯಾಗೆ ಹೇಳಲಿ’ ಎಂಬ ಮಾತು ಅವನ ಬಾಯಿಂದಲೇ ಬರುತ್ತದೆ. ಯಾರೂ ಹೇಳಿಕೊಟ್ಟದ್ದಲ್ಲ. ತಂದೆ ನಿಜಕ್ಕೂ ಹಾಗೆ ಯೋಚಿಸಿದ್ದನೇ ಎಂಬುದು ಇಲ್ಲಿ ತೀರ್ಮಾನವಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಮಗನಾಗಿ ಮಾತ್ರ ನೋಡುತ್ತಿದ್ದವನಿಗೆ ಎದುರು ಕಡೆಯಿಂದ ನೋಡಲು ಒಂದು ಜಾಗ ಸಿಕ್ಕಿರುತ್ತದೆ. ಈ ಖಾಲಿ ಕುರ್ಚಿಯ ತಂತ್ರವನ್ನು ಮುಂದೆ ಮನೋವೈದ್ಯ ಫ್ರಿಟ್ಜ್ ಪರ್ಲ್ಸ್ ತನ್ನ ಗೆಸ್ಟಾಲ್ಟ್ ಚಿಕಿತ್ಸೆಗೆ ಒಯ್ದು ಪ್ರಸಿದ್ಧಗೊಳಿಸಿದ.

ಇಂಥ ದೃಶ್ಯ ಕೆಲಸ ಮಾಡುವುದು ದೂರದ ಹದದಿಂದ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಡ್ರಾಮಾ ಥೆರಪಿ (ನಾಟಕ ಚಿಕಿತ್ಸೆ) ಕಲಿಸಿದ ರಾಬರ್ಟ್ ಲ್ಯಾಂಡಿ ಒತ್ತಿ ಹೇಳಿದ್ದು ಇದನ್ನೇ. ನೋವಿಗೆ ತೀರ ಹತ್ತಿರವಾದರೆ ಮನುಷ್ಯ ಅದರಲ್ಲೇ ಮುಳುಗುತ್ತಾನೆ, ತೀರ ದೂರವಾದರೆ ಏನೂ ತಟ್ಟುವುದಿಲ್ಲ. ಸ್ವಂತ ಕಥೆಯನ್ನು ಆಡಲಾಗದವರಿಗೆ ಮುಖವಾಡ, ಗೊಂಬೆ ಅಥವಾ ಜನಪದ ಕಥೆಯ ಪಾತ್ರ ಬೇಕಾದ ದೂರವನ್ನು ಕೊಡುತ್ತದೆ; ಮಾತೇ ಹೊರಡದವರಿಗೆ ಜೇಡಿಮಣ್ಣು, ಬಣ್ಣ. ಚಿತ್ರದಲ್ಲಿ ಕಪ್ಪು ಕಂಡೊಡನೆ ಖಿನ್ನತೆ ಎಂದು ಷರಾ ಬರೆಯುವುದು ಜ್ಯೋತಿಷ್ಯಕ್ಕೆ ಹತ್ತಿರದ ಕೆಲಸ. ಅದೇನೆಂದು ಚಿತ್ರ ಬರೆದವರೇ ಹೇಳಬೇಕು.

ಅನುಭವವಿಲ್ಲದವರು ಅವಸರದಲ್ಲಿ ಬಿಟ್ಟುಬಿಡುವುದು ಕೂಟದ ಕೊನೆಯ ಹಂತವನ್ನು. ಹಂಚಿಕೆಯಲ್ಲಿ ನೋಡಿದವರು ಸಲಹೆ ಕೊಡುವಂತಿಲ್ಲ, ವಿಶ್ಲೇಷಣೆಯನ್ನೂ ಮಾಡುವಂತಿಲ್ಲ. ದೃಶ್ಯ ತಮ್ಮ ಬದುಕಿನ ಯಾವುದನ್ನು ತಟ್ಟಿತೆಂದಷ್ಟೇ ಹೇಳಬೇಕು. ಯಕ್ಷಗಾನದ ಕಲಾವಿದ ಚೌಕಿಗೆ ಮರಳಿ ಬಣ್ಣ ತೆಗೆದೇ ಮನೆಗೆ ಹೊರಡುವಂತೆ ಇಲ್ಲೂ ಪಾತ್ರ ಕಳಚಬೇಕು. ತಂದೆಯ ಪಾತ್ರಕ್ಕೆ ಬೇರೊಬ್ಬರು ನಿಂತಿದ್ದರೆ, ‘ನಾನು ನಿನ್ನ ತಂದೆಯಲ್ಲ’ ಎಂದು ತಮ್ಮ ಹೆಸರು ಹೇಳಿ ಹೊರಬರುತ್ತಾರೆ. ಭ್ರಮೆ, ಭ್ರಾಂತಿ ತೀವ್ರವಾಗಿರುವವರನ್ನೂ ಆಘಾತದಿಂದ ಇನ್ನೂ ಸುಧಾರಿಸಿಕೊಳ್ಳದವರನ್ನೂ ಇಂಥ ದೃಶ್ಯಕ್ಕೆ ಇಳಿಸುವುದು ಅಪಾಯಕಾರಿ.

ರಂಗಭೂಮಿಯ ಎಲ್ಲ ಒಳ್ಳೆಯ ಕೆಲಸವೂ ಚಿಕಿತ್ಸೆಯಲ್ಲ. ಮೈಸೂರಿನಲ್ಲಿ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿ ಜೈಲಿನ ಕೈದಿಗಳಿಂದ ಆಡಿಸಿದ ನಾಟಕಗಳು ಅವರ ಬದುಕನ್ನು ಮುಟ್ಟಿದವು, ನಿಜ. ಆದರೆ ಅಲ್ಲಿ ಗುರಿ ಪ್ರದರ್ಶನ, ಎದುರಿಗೆ ಪ್ರೇಕ್ಷಕರು. ಸಮಾಲೋಚನೆಯಲ್ಲಿ ಟಿಕೆಟ್ಟಿಲ್ಲ, ಚಪ್ಪಾಳೆಯಿಲ್ಲ, ಕೋಣೆಯ ಮಾತು ಹೊರಗೆ ಹೋಗುವಂತಿಲ್ಲ.

ಇದಕ್ಕೆಲ್ಲ ಪುರಾವೆ ಎಷ್ಟು? ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು ಸಾವಿರಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ ಕಲೆಗೂ ಆರೋಗ್ಯಕ್ಕೂ ಇರುವ ನಂಟಿನ ಬಗ್ಗೆ ವರದಿ ಹೊರಡಿಸಿತು. ಆ ಅಧ್ಯಯನಗಳ ಗುಣಮಟ್ಟ ಒಂದೇ ಸಮ ಇಲ್ಲ. ಕೆಲವು ತೀರ ಸಣ್ಣವು. ಇದನ್ನು ಮಾಡಿಸುವವರ ಅರ್ಹತೆಯ ಪ್ರಶ್ನೆಯೂ ಇದೆ. ಬ್ರಿಟನ್ನಿನಲ್ಲಿ ನೋಂದಣಿಯಿಲ್ಲದೆ ಯಾರೂ ಡ್ರಾಮಾ ಥೆರಪಿಸ್ಟ್ ಎಂದು ಹೇಳಿಕೊಳ್ಳುವಂತಿಲ್ಲ. ಭಾರತದಲ್ಲಿ 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆಯ ಪಟ್ಟಿ ಕಲೆ, ನೃತ್ಯ, ಚಲನೆಯ ಚಿಕಿತ್ಸಕರನ್ನು ಹೆಸರಿಸುತ್ತದೆ. ಎರಡು ದಿನದ ಕಾರ್ಯಾಗಾರ ಮುಗಿಸಿದವರು ಯಾವ ದೃಶ್ಯದವರೆಗೆ ಹೋಗಬಹುದು, ಎಲ್ಲಿ ನಿಲ್ಲಬೇಕು, ಅವರ ಮೇಲ್ವಿಚಾರಣೆ ಯಾರದು ಎಂಬುದು ಈ ಕ್ಷೇತ್ರದವರು ಮೊದಲು ಕೈಗೆತ್ತಿಕೊಳ್ಳಬೇಕಾದ ವಿಷಯ.