ಬಾನುಲಿ ಮತ್ತು ಊರಿನ ಮೇಳ

(ಯಾದಗಿರಿಯಲ್ಲಿ ಕಾಲೇಜು ವಿದ್ಯಾರ್ಥಿಗಳು ಹಾಗೂ ಭಜನಾ ಮೇಳಗಳ ಕಲಾವಿದರ ಮುಂದೆ ಮಾಡಿದ ಭಾಷಣದ ಬರಹರೂಪ)



ಐರ್ಲೆಂಡಿನ ಒಂದು ಜನಪದ ವಾದ್ಯಮೇಳದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ ಎಂದರೆ ಯಾರಿಗಾದರೂ ನಗು ಬಂದೀತು. ಯಾದಗಿರಿ ಎಲ್ಲಿ, ಐರ್ಲೆಂಡ್ ಎಲ್ಲಿ? ಆದರೆ ಸುರಪುರದವರಿಗೆ ಆ ದೇಶ ತೀರಾ ದೂರದ್ದಲ್ಲ. 1840ರ ದಶಕದಲ್ಲಿ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ನಿವೃತ್ತಿಯ ನಂತರ ನೆಲೆಸಿದ್ದು ಡಬ್ಲಿನ್ ನಗರದಲ್ಲಿ. ಈ ಸೀಮೆಯ ಕಲ್ಗೋರಿಗಳನ್ನು ಕುರಿತು ಅವರು ಪ್ರಬಂಧ ಒಪ್ಪಿಸಿದ್ದು ಅಲ್ಲಿನ ರಾಯಲ್ ಐರಿಷ್ ಅಕಾಡೆಮಿಗೆ. ನಮ್ಮ ಕಲ್ಲಿನ ಸುದ್ದಿ ನೂರೈವತ್ತು ವರ್ಷಕ್ಕೂ ಹಿಂದೆಯೇ ಅಲ್ಲಿಗೆ ಹೋಗಿದೆ. ಇಂದು ಅಲ್ಲಿಯ ಹಾಡಿನ ಸುದ್ದಿ ಇಲ್ಲಿಗೆ ಬರಲಿ.

ಆ ಮೇಳದ ಹೆಸರು ‘ದಿ ಚೀಫ್‌ಟನ್ಸ್’. 1962ರಲ್ಲಿ ಡಬ್ಲಿನ್ನಿನಲ್ಲಿ ಪ್ಯಾಡಿ ಮೊಲೋನಿ ಅದನ್ನು ಕಟ್ಟಿದರು. ಮೊಣಕೈಯಿಂದ ತಿದಿ ಒತ್ತಿ ನುಡಿಸುವ ಪೈಪು, ತಗಡಿನ ಕೊಳಲು, ಪಿಟೀಲು, ಜೊತೆಗೆ ‘ಬೋರಾನ್’ ಎಂಬ ಚರ್ಮವಾದ್ಯ. ಈ ಬೋರಾನ್ ನೋಡಿದರೆ ನಮ್ಮ ದಪ್ಪಿನ ತಮ್ಮ ಎನ್ನಬೇಕು. ಮರದ ದುಂಡು ಚೌಕಟ್ಟಿಗೆ ಆಡಿನ ಚರ್ಮ ಬಿಗಿದ ವಾದ್ಯ ಅದು. ಹಗಲು ನೌಕರಿ ಮಾಡಿ ಸಂಜೆ ನುಡಿಸುತ್ತಿದ್ದ ಈ ಮೇಳದವರು ಸಂಗೀತವನ್ನೇ ಪೂರ್ಣಾವಧಿ ವೃತ್ತಿ ಮಾಡಿಕೊಂಡಿದ್ದು 1975ರಲ್ಲಿ. ಹಗಲೆಲ್ಲ ಹೊಲದಲ್ಲಿ ದುಡಿದು ರಾತ್ರಿ ಗುಡಿಯಲ್ಲಿ ತಾಳ ಹಿಡಿಯುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಮೇಳ ಬರಿ ಶೂನ್ಯದಿಂದ ಹುಟ್ಟಲಿಲ್ಲ. ಅದರ ಬೆನ್ನಿಗೆ ರೇಡಿಯೊ ಇತ್ತು. ಐರ್ಲೆಂಡಿನ ಬಾನುಲಿ 1926ರಲ್ಲಿ ಆರಂಭವಾಯಿತು. 1947ರ ಹೊತ್ತಿಗೆ ಅದು ಧ್ವನಿಮುದ್ರಣ ಯಂತ್ರವನ್ನು ವಾಹನದಲ್ಲಿ ಹೇರಿಕೊಂಡು ಹಳ್ಳಿಗಳಿಗೆ ಹೊರಟಿತು. ಆ ಕೆಲಸಕ್ಕೆ ಸೇರಿದ ಶೇಮಸ್ ಎನ್ನಿಸ್ ಸ್ವತಃ ಒಳ್ಳೆಯ ಪೈಪು ವಾದಕ. 1950ರ ದಶಕದಲ್ಲಿ ಕಿರನ್ ಮ್ಯಾಕ್ ಮಹೂನ ಅದೇ ಕೆಲಸ ಮುಂದುವರಿಸಿದರು. ಹಾಡುಗಾರ ರೇಡಿಯೊದ ಬಾಗಿಲಿಗೆ ಹೋಗಲಿಲ್ಲ, ರೇಡಿಯೊವೇ ಹಾಡುಗಾರನ ಬಾಗಿಲಿಗೆ ಬಂತು. ಮುಂದೆ ಶಾನ್ ಓ ರಿಯಾಡ ಎಂಬ ಸಂಗೀತಗಾರ ಹಳ್ಳಿಯ ವಾದ್ಯಗಳನ್ನೇ ಕೂಡಿಸಿ ಒಂದು ವೃಂದ ಕಟ್ಟಿದರು. 1960ರ ದಶಕದಲ್ಲಿ ಅದು ರೇಡಿಯೊದಲ್ಲಿ ಸರಣಿಯಾಗಿ ಕೇಳಿಬಂತು. ಚೀಫ್‌ಟನ್ಸ್ ಮೇಳದ ಮೊದಲ ಐವರಲ್ಲಿ ಮೊಲೋನಿ ಸೇರಿ ನಾಲ್ವರು ಆ ವೃಂದದಲ್ಲಿ ನುಡಿಸಿದವರು.

ಈಗ ನಮ್ಮ ಕಡೆ ನೋಡೋಣ. ನಮ್ಮ ಸೀಮೆ ಹಾಡಿಗೆ ಬಡವಾದದ್ದಲ್ಲ. ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದ, ಅವರ ಶಿಷ್ಯ ಚೆನ್ನೂರ ಜಲಾಲಸಾಹೇಬರ ಪದ, ತಿಂಥಣಿ ಮೌನೇಶ್ವರನ ಜಾತ್ರೆಯ ಹಾಡು, ಮೊಹರಂ ಪದ, ಗೀಗೀ ಪದ ಎಲ್ಲವೂ ಇಲ್ಲಿವೆ. ಆದರೆ ಇವು ಬಾನುಲಿಗೆ ಬಂದದ್ದು ತಡವಾಗಿ. ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ 1950ರಲ್ಲೇ ಆರಂಭವಾಯಿತು. ನಾವು ಆಗ ಹೈದರಾಬಾದ್ ರಾಜ್ಯದಲ್ಲಿದ್ದೆವು. 1956ರಲ್ಲಿ ಏಕೀಕರಣವಾದ ಮೇಲೂ ಹತ್ತು ವರ್ಷ ಕಾಯಬೇಕಾಯಿತು. ಗುಲಬರ್ಗಾ ಕೇಂದ್ರ ಶುರುವಾದದ್ದು 1966ರಲ್ಲಿ. ಆ ನಂತರವೇ ಶಹಾಪುರ, ಸುರಪುರದ ಕಡೆಯ ಮಾತಿನ ಧಾಟಿ ಹತ್ತಿರದ ಕೇಂದ್ರದಿಂದ ಮನೆಯ ರೇಡಿಯೊದಲ್ಲಿ ಕೇಳಿಸತೊಡಗಿತು.

ಕೇಂದ್ರ ಬಂದಿತು, ಜೊತೆಗೆ ನಿಯಮಗಳೂ ಬಂದವು. ಹಾಡುವವರು ಧ್ವನಿಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ಶ್ರೇಣಿ ಪಡೆಯಬೇಕು. ಇನ್ನೊಂದು ವಿಚಿತ್ರ ನೋಡಿ. ಪರದೇಶದ ವಾದ್ಯ, ನಮ್ಮ ಸ್ವರಗಳಿಗೆ ಒಗ್ಗುವುದಿಲ್ಲ ಎಂದು ಬಾನುಲಿ ಹಾರ್ಮೋನಿಯಂ ಅನ್ನು 1940ರಲ್ಲಿ ನಿಷೇಧಿಸಿತ್ತು. ಪಕ್ಕವಾದ್ಯವಾಗಿ ಅದಕ್ಕೆ ಮತ್ತೆ ಒಪ್ಪಿಗೆ ಸಿಕ್ಕಿದ್ದು 1971ರಲ್ಲಿ. ನಮ್ಮ ಭಜನಾ ಮೇಳಕ್ಕೆ ಪೆಟ್ಟಿಗೆ ಇಲ್ಲದಿದ್ದರೆ ಹೇಗಾದೀತು, ನೀವೇ ಹೇಳಿ. ಇನ್ನು ಸಮಯ. ರಾತ್ರಿಯಿಡೀ ನಡೆಯುವ ಭಜನೆಯಲ್ಲಿ ಒಂದು ಪದಕ್ಕೆ ಇನ್ನೊಂದು ಪದ ಉತ್ತರ ಕೊಡುತ್ತದೆ. ಸ್ಟುಡಿಯೊದ ಗಡಿಯಾರಕ್ಕೆ ಅಷ್ಟು ತಾಳ್ಮೆ ಇರುವುದಿಲ್ಲ. ಪ್ರಶ್ನೆಯ ಪದ ಮುಗಿಯುವಷ್ಟರಲ್ಲಿ ಕಾರ್ಯಕ್ರಮವೇ ಮುಗಿದಿರುತ್ತದೆ.

ಹಾಗೆಂದು ಆಕಾಶವಾಣಿಯ ಉಪಕಾರವನ್ನು ಮರೆಯಲಾಗದು. ಹಾಡಿದ್ದಕ್ಕೆ ಸಂಭಾವನೆ ಕೊಡುವ ಪದ್ಧತಿ ಬಂತು. ಜಾತಿ, ಓದು ಯಾವುದನ್ನೂ ಕಾಣದ ಮೈಕಿನ ಮುಂದೆ ಕೂಲಿಕಾರನೂ ಕಲಾವಿದನಾದ. ಊರಿನಲ್ಲಿ ಏಕವಚನದಲ್ಲಿ ಕರೆಸಿಕೊಳ್ಳುತ್ತಿದ್ದವನ ಹೆಸರು ಬಹುವಚನದಲ್ಲಿ, ಊರಿನ ಹೆಸರಿನೊಂದಿಗೆ ಕೇಳಿಬಂತು. ಇದು ಸಣ್ಣ ಗೌರವವಲ್ಲ.

ಆದರೆ ಆ ಪ್ರಕಟಣೆಯಲ್ಲೇ ನಾನು ಇಂದು ಹೇಳಬೇಕೆಂದಿರುವ ವಿಷಯವಿದೆ. ‘ಇಂಥ ಊರಿನ ಇಂಥವರು ಮತ್ತು ಸಂಗಡಿಗರಿಂದ’ ಎಂದು ಹೇಳುತ್ತಾರಲ್ಲ, ಆ ಸಂಗಡಿಗರು ಯಾರು? ಡಿಮ್ಮು ಬಾರಿಸಿದವರು ಯಾರು? ಏಕತಾರಿ ಹಿಡಿದವರು ಯಾರು? ಮುಂದಿನವರ ಉಸಿರು ಕಟ್ಟಿದಾಗ ಸೊಲ್ಲು ಎತ್ತಿ ಹಾಡನ್ನು ಉಳಿಸಿದವರು ಯಾರು? ತತ್ವಪದದಲ್ಲಿ ಬರೆದವರ ಹೆಸರು ಅಂಕಿತದಲ್ಲಿ ಉಳಿಯಿತು. ರೇಡಿಯೊದಲ್ಲಿ ಮುಂದೆ ನಿಂತು ಹಾಡಿದವರ ಹೆಸರು ಉಳಿಯಿತು. ಸೊಲ್ಲು ಹಿಡಿದವರು ಎರಡೂ ಕಡೆ ‘ಸಂಗಡಿಗರು’ ಆಗಿಯೇ ಉಳಿದರು. ಚೀಫ್‌ಟನ್ಸ್ ಮೇಳದ ಮೊದಲ ಐವರನ್ನು ಇಂದಿಗೂ ಹೆಸರಿಟ್ಟು ಕರೆಯಬಹುದು: ಮೊಲೋನಿ, ಶಾನ್ ಪಾಟ್ಸ್, ಮಾರ್ಟಿನ್ ಫೇ, ಮೈಕೆಲ್ ಟಬ್ರಿಡಿ ಮತ್ತು ಬೋರಾನ್ ಬಾರಿಸಿದ ಡೇವಿಡ್ ಫ್ಯಾಲನ್. ಮೇಳ ಎಂದರೆ ಒಬ್ಬನಲ್ಲ ಎಂಬುದು ಅಲ್ಲಿ ದಾಖಲೆಯಲ್ಲೂ ಇದೆ.

ಇದು ಕೇವಲ ಅಭಿಮಾನದ ಪ್ರಶ್ನೆಯಲ್ಲ. ಮೇಳದಲ್ಲಿ ವಿದ್ಯೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಹಿಮ್ಮೇಳದ ಮೂಲಕವೇ. ಇಂದು ಸೊಲ್ಲು ಹಿಡಿದವನು ನಾಳೆ ಮುಂದೆ ಕೂತು ಹಾಡುತ್ತಾನೆ. ಅವನ ಹೆಸರು ಅಳಿಸಿದರೆ ಯಾವ ಧಾಟಿ ಯಾರಿಂದ ಯಾರಿಗೆ ಬಂತು ಎಂಬ ಸರಪಳಿ ಕಳಚುತ್ತದೆ. ನಾಳೆ ಯಾರಾದರೂ ಸಂಶೋಧನೆಗೆಂದು ಬಂದರೆ ಅವರ ಕೈಗೆ ಸಿಗುವುದು ಒಂದು ಧ್ವನಿ, ಒಂದು ಹೆಸರು, ಅಷ್ಟೆ.

ಯಾದಗಿರಿ 2009ರ ಡಿಸೆಂಬರ್ 30ರಂದು ಪ್ರತ್ಯೇಕ ಜಿಲ್ಲೆಯಾಯಿತು. ನಮ್ಮ ಜಿಲ್ಲೆಗೆ ನಮ್ಮದೇ ಕಚೇರಿಗಳು ಬಂದವು, ನಮ್ಮ ಮೇಳಗಳದೊಂದು ದಾಖಲೆಯೂ ಬರಲಿ. ಅದಕ್ಕೆ ಧ್ವನಿಮುದ್ರಣದ ವಾಹನಕ್ಕಾಗಿ ಕಾಯುವ ಕಾಲ ಇದಲ್ಲ. ಇಲ್ಲಿ ಕೂತ ವಿದ್ಯಾರ್ಥಿಗಳ ಜೇಬಿನಲ್ಲಿರುವ ಮೊಬೈಲ್ ಆ ವಾಹನದ ಕೆಲಸ ಮಾಡಬಲ್ಲದು. ಮುಂದಿನ ಭಜನೆಗೆ ಹೋದಾಗ ಪದವನ್ನು ಅರ್ಧಕ್ಕೆ ನಿಲ್ಲಿಸದೆ ಪೂರ್ತಿ ಮುದ್ರಿಸಿಕೊಳ್ಳಿ. ಆಮೇಲೆ ಒಂದು ಹಾಳೆಯಲ್ಲಿ ತಾರೀಖು, ಊರು, ಪದ, ಕಲಿಸಿದ ಗುರು ಎಲ್ಲವನ್ನೂ ಬರೆಯಿರಿ. ಅದರ ಒಂದು ಪ್ರತಿಯನ್ನು ಮೇಳದವರ ಹತ್ತಿರವೇ ಇಡಿ. ಕೊನೆಗೆ ‘ಮತ್ತು ಸಂಗಡಿಗರು’ ಎಂದು ಬರೆಯಲು ಕೈ ಹೋದರೆ ಸ್ವಲ್ಪ ತಡೆದು, ತಾಳ ಹಿಡಿದವರ ಪಕ್ಕ ಕೂತು ಅವರ ಹೆಸರೇನೆಂದು ಕೇಳಿ.