ಸವಳು ಹೊಲವೂ ಪಿಎಚ್.ಡಿ. ವ್ಯಾಸಂಗವೂ



ತುಂಗಭದ್ರಾ ಎಡದಂಡೆ ಕಾಲುವೆ ಸಿಂಧನೂರಿಗೆ ಭತ್ತ ತಂದಿತು. ನೀರು ಬಸಿಯದ ತಗ್ಗು ಹೊಲಗಳಿಗೆ ಸವಳು-ಜವಳನ್ನೂ ತಂದಿತು. ಲಿಂಗಸುಗೂರು, ಮಸ್ಕಿಯ ಒಣಬೇಸಾಯದ ಹೊಲಗಳು ಮಳೆಯನ್ನೇ ನಂಬಿವೆ. ಪಿಎಚ್.ಡಿ. ವಿದ್ಯಾರ್ಥಿಗೆ ಇವೇ ಪ್ರಯೋಗಶಾಲೆಗಳು.

ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಬೆಂಗಳೂರಿಗೆ, 1986ರಲ್ಲಿ ಧಾರವಾಡಕ್ಕೆ, 2008ರಲ್ಲಿ ರಾಯಚೂರಿಗೆ ಬಂದಿತು. ಸ್ನಾತಕೋತ್ತರ ಪದವಿ ಮುಗಿಸಿದ ರೈತರ ಮಕ್ಕಳು ಈಗ ಜಿಲ್ಲೆಯಲ್ಲಿಯೇ ಸಂಶೋಧನೆ ಮಾಡಬಹುದು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸ್ಪರ್ಧಾ ಪರೀಕ್ಷೆಯಲ್ಲಿ ಆಯ್ಕೆಯಾದವರಿಗೆ ಸಂಶೋಧನಾ ವೇತನವೂ ಉಂಟು.

ಆದರೆ ಪದವಿಯೊಂದೇ ಸಾಧನೆಯಲ್ಲ. ಕ್ಷಾರ ಮಣ್ಣಿಗೆ ಜಿಪ್ಸಂ ಬೇಕು; ಲವಣ ಮಣ್ಣಿಗೆ ಬಸಿಗಾಲುವೆ ಬೇಕು. ಈ ಭೇದ ಹೊಲದ ಒಡೆಯನಿಗೆ ತಿಳಿದಾಗಲೇ ಪ್ರಬಂಧ ಸಾರ್ಥಕ. ಸಂಶೋಧಕರು ಹೊಲಕ್ಕೆ ಬಂದಾಗ ಮಣ್ಣಿನ ಮಾದರಿಯೊಡನೆ ನಿಮ್ಮ ಅನುಭವವನ್ನೂ ಕೊಡಿರಿ. ಫಲಿತಾಂಶವನ್ನು ತಪ್ಪದೆ ಕೇಳಿ ಪಡೆಯಿರಿ.