ಶಾಲೆಗೆ ನಮ್ಮದೂ ಒಂದು ಸರದಿ

(ಕಾಫಿ ಸೀಮೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ದಸರಾ ರಜೆಯ ನಂತರ ಸೇರಿದ ಪೋಷಕರ ಸಭೆಯಲ್ಲಿ ಪೋಷಕ ಸ್ವಯಂಸೇವಕರ ತಂಡದ ಪರವಾಗಿ ಮಾಡಿದ ಭಾಷಣದ ಬರಹರೂಪ)



ಶಾಲೆ ಶುರುವಾದಾಗ ನಾವು ಕೆಲವರು ಸೇರಿ ಒಂದು ತಂಡ ಮಾಡಿಕೊಂಡೆವು. ಮಳೆಗಾಲದಲ್ಲಿ ಏನು ಕೆಲಸ ಆಯಿತು, ಏನು ಬಾಕಿ ಇದೆ ಎಂಬುದನ್ನು ನಿಮ್ಮ ಮುಂದೆ ಇಡಬೇಕು. ಇನ್ನು ಸ್ವಲ್ಪ ದಿನಕ್ಕೆ ಕಾಫಿ ಕೊಯ್ಲು ಶುರುವಾಗುತ್ತದೆ. ಆ ಮೂರು ನಾಲ್ಕು ತಿಂಗಳು ನಮ್ಮ ಮಕ್ಕಳು ಬೆಂಚಿನ ಮೇಲೆ ಕೂರುತ್ತಾರೋ, ತೋಟದ ಮರದಡಿ ಕೂರುತ್ತಾರೋ ಎಂಬುದು ಇವತ್ತಿನ ಮುಖ್ಯ ಮಾತು. ಅದನ್ನು ಕೊನೆಯಲ್ಲಿ ಹೇಳುತ್ತೇವೆ, ದಯವಿಟ್ಟು ಅಲ್ಲಿಯವರೆಗೂ ಕೂತಿರಿ.

ಸಮಿತಿ ಯಾರದು?

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ನಮ್ಮ ತಂಡ ಎಸ್.ಡಿ.ಎಂ.ಸಿ.ಗೆ ಎದುರಾಳಿ ಅಲ್ಲ. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಕಾರ್ಯಪಡೆ ಮಾಡಿದ ಶಿಫಾರಸಿನ ಮೇಲೆ, 2001ರ ಏಪ್ರಿಲ್‌ನಲ್ಲಿ ಕರ್ನಾಟಕ ಸರ್ಕಾರ ಹಳೆಯ ಗ್ರಾಮ ಶಿಕ್ಷಣ ಸಮಿತಿಗಳನ್ನು ತೆಗೆದು, ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯನ್ನು ತಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ಆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಜನ ತಂದೆ ತಾಯಿ ಅಥವಾ ಪೋಷಕರೇ ಆಗಿರಬೇಕು. ಅರ್ಧದಷ್ಟು ಹೆಂಗಸರು ಇರಬೇಕು. ಹಿಂದುಳಿದ ಮತ್ತು ಬಡ ಕುಟುಂಬಗಳ ಪೋಷಕರಿಗೂ ಅವರ ಮಕ್ಕಳ ಲೆಕ್ಕಕ್ಕೆ ತಕ್ಕ ಜಾಗ ಇರಬೇಕು. ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡುವುದು, ಶಾಲೆಯ ಅಭಿವೃದ್ಧಿ ಯೋಜನೆ ತಯಾರಿಸುವುದು, ಬಂದ ಹಣ ಹೇಗೆ ಖರ್ಚಾಯಿತು ಎಂದು ನೋಡುವುದು, ಈ ಮೂರು ಕೆಲಸ ಕಾಯ್ದೆಯೇ ಸಮಿತಿಗೆ ಕೊಟ್ಟದ್ದು.

ಆದರೆ ಎಷ್ಟೋ ಊರುಗಳಲ್ಲಿ ಆಗುವುದೇನು? ಆಗಸ್ಟ್ ಹದಿನೈದಕ್ಕೆ ಬಾವುಟ ಹಾರಿಸೋದು, ಸಿಹಿ ಹಂಚೋದು, ಅಲ್ಲಿಗೆ ಮುಗಿಯಿತು. ಅಕ್ಕ ಸಹಿ ಹಾಕಿ ಸುಮ್ಮನೆ ಕೂರುತ್ತಾಳೆ, ಭಾವ ಎದ್ದು ಮಾತಾಡುತ್ತಾನೆ. ಅರ್ಧ ಹೆಂಗಸರು ಇರಬೇಕು ಎಂದು ಕಾಯ್ದೆ ಹೇಳಿದ್ದು ಸಹಿ ಹಾಕುವುದಕ್ಕಲ್ಲ. ಮಕ್ಕಳ ತಟ್ಟೆಯಲ್ಲಿ ಏನಿದೆ, ಶೌಚಾಲಯದಲ್ಲಿ ನೀರಿದೆಯೋ ಇಲ್ಲವೋ, ಯಾವ ಹುಡುಗಿ ಎರಡು ವಾರದಿಂದ ಬಂದಿಲ್ಲ ಎನ್ನುವುದು ತಾಯಂದಿರಿಗೆ ಗೊತ್ತಿರುತ್ತದೆ. ಹಾಗಾಗಿ ತೀರ್ಮಾನ ಸಮಿತಿಯದು, ಕೈಜೋಡಿಸುವುದು ನಮ್ಮ ತಂಡದ್ದು ಎಂದು ಒಪ್ಪಿಕೊಂಡು ಕೆಲಸ ಶುರು ಮಾಡಿದೆವು.

ಕೂಲಿ ಬಿಟ್ಟು ಬರೋದು ಹೇಗೆ?

ಮೊದಲ ಸಭೆಯಲ್ಲೇ ಲೈನ್ ಮನೆಯ ಒಬ್ಬ ತಾಯಿ ಎದ್ದು ನಿಂತು ಕೇಳಿದರು: "ನೀವು ಶಾಲೆಗೆ ಬನ್ನಿ ಬನ್ನಿ ಅಂತೀರಿ. ಅರ್ಧ ದಿನ ಬಂದ್ರೆ ಅರ್ಧ ದಿನದ ಕೂಲಿ ಹೋಗುತ್ತೆ. ಅದನ್ನ ಯಾರು ಕೊಡ್ತಾರೆ?" ಸಭೆ ಸುಮ್ಮನಾಯಿತು. ಆ ತಾಯಿ ಕೇಳಿದ್ದು ನ್ಯಾಯವಾದ ಮಾತು. ಸ್ವಂತ ತೋಟ ಇದ್ದವರು, ಅಂಗಡಿ ಇದ್ದವರು ಮಾತ್ರ ಬರಲು ಸಾಧ್ಯವಾಗುವ ತಂಡ ಎಲ್ಲರ ತಂಡ ಆಗುವುದಿಲ್ಲ.

ಆದ್ದರಿಂದ ಕೆಲಸವನ್ನು ಸಣ್ಣ ಸಣ್ಣ ಸರದಿಯಾಗಿ ಒಡೆದೆವು. ಬೆಳಗ್ಗೆ ಮಕ್ಕಳ ಜೊತೆ ನಡೆಯುವ ಸರದಿ ಅರ್ಧ ಗಂಟೆಯದು. ಅದು ಹೆಚ್ಚಾಗಿ ಅಪ್ಪಂದಿರು ಮತ್ತು ಕಾಲೇಜಿಗೆ ಹೋಗುವ ಅಣ್ಣಂದಿರದು. ಮಧ್ಯಾಹ್ನ ಊಟದ ಸರದಿ ಮನೆಯಲ್ಲಿರುವ ಅಜ್ಜಿಯರದು. ಸಂಜೆ ಓದಿಸುವ ಸರದಿ ಪಿಯುಸಿ ಓದುವ ಅಕ್ಕಂದಿರದು. ತೋಟದ ಕೆಲಸಕ್ಕೆ ಹೋಗುವ ತಾಯಂದಿರಿಗೆ ಭಾನುವಾರದ ಸಭೆ ಮತ್ತು ಅಂಗಳ, ನೀರಿನ ತೊಟ್ಟಿ ಸ್ವಚ್ಛ ಮಾಡುವ ಕೆಲಸ. ಯಾರ ಕೂಲಿಯೂ ಹೋಗಬಾರದು, ಯಾರ ಸರದಿಯೂ ತಪ್ಪಬಾರದು. ಇದಿಷ್ಟೇ ನಿಯಮ. ಒಂದು ಪುಸ್ತಕ ಇಟ್ಟೆವು. ಬಂದವರು ನೋಡಿದ್ದನ್ನು ಎರಡು ಸಾಲು ಬರೆಯಬೇಕು. ಬರೆಯಲು ಬಾರದವರು ಹೇಳಿದರೆ ಐದನೇ ತರಗತಿ ಮಕ್ಕಳು ಬರೆದುಕೊಡುತ್ತಾರೆ.

ಮಳೆಗಾಲದ ವರದಿ

ಹಳ್ಳದಾಚೆಯ ಮಕ್ಕಳು ಕಾಲುಸಂಕ ದಾಟಿ ಬರುತ್ತಾರೆ. ಅಡಿಕೆ ಮರದ ದಬ್ಬೆ ಹಾಕಿದ ಸಂಕ, ಪಾಚಿ ಕಟ್ಟಿದರೆ ದೊಡ್ಡವರೇ ಜಾರುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಲೆ ನಡೆದ ದಿನಗಳಲ್ಲಿ ಎರಡೂ ದಡದಲ್ಲಿ ಒಬ್ಬೊಬ್ಬರು ನಿಂತು ಮಕ್ಕಳನ್ನು ದಾಟಿಸಿದರು. ಹಳ್ಳ ತುಂಬಿದ ದಿನ ಈಚೆ ದಡದಿಂದ ಮೇಷ್ಟ್ರಿಗೆ ಫೋನು ಹೋಗುತ್ತಿತ್ತು, ಮಕ್ಕಳು ಮನೆಯಲ್ಲೇ ಉಳಿಯುತ್ತಿದ್ದರು. ಒಂದು ಮಗುವೂ ನೀರಿಗೆ ಬೀಳಲಿಲ್ಲ. ಸುರಿಯುವ ಮಳೆಯಲ್ಲಿ ನಿಂತ ಅಣ್ಣಂದಿರಿಗೆ ಎಲ್ಲರ ಪರವಾಗಿ ವಂದನೆ.

ಆದರೆ ವರ್ಷಾ ವರ್ಷ ಮನುಷ್ಯರೇ ಸೇತುವೆಯಾಗಿ ನಿಲ್ಲುವುದು ಸರಿಯಲ್ಲ. ಮಲೆನಾಡು ಮತ್ತು ಕರಾವಳಿಯಲ್ಲಿ ಮಕ್ಕಳು ದಾಟುವ ಹಳ್ಳಗಳಿಗೆ ಕಿರುಸೇತುವೆ ಕಟ್ಟಲು ಸರ್ಕಾರ ಶಾಲಾ ಸಂಪರ್ಕ ಸೇತು ಎಂಬ ಯೋಜನೆಯನ್ನೇ ತಂದಿತ್ತು. ನಮ್ಮ ಹಳ್ಳಕ್ಕೂ ಸೇತುವೆ ಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಅರ್ಜಿ ಕೊಡುತ್ತೇವೆ. ಮಕ್ಕಳ ಗ್ರಾಮಸಭೆಯಲ್ಲಿ ಹಳ್ಳದಾಚೆಯ ಮಕ್ಕಳೇ ಎದ್ದು ಕೇಳಲಿ. ಯಾವ ದಿನ ನೀರು ಎಲ್ಲಿಯವರೆಗೆ ಬಂತು, ಎಷ್ಟು ಮಕ್ಕಳು ದಾಟಲಾಗದೆ ಉಳಿದರು ಎನ್ನುವುದೆಲ್ಲ ನಮ್ಮ ಪುಸ್ತಕದಲ್ಲಿದೆ. ಅರ್ಜಿಯ ಜೊತೆ ಅದರ ಪ್ರತಿ ಇರುತ್ತದೆ.

ಬಿಸಿಯೂಟ

ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರ್‌ನಲ್ಲಿ, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ನಮ್ಮ ರಾಜ್ಯದಲ್ಲಿ 2002ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಅಕ್ಷರ ದಾಸೋಹ ಶುರುವಾಯಿತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ವಾರಕ್ಕೆ ಆರು ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು ಕೊಡುವ ಏರ್ಪಾಡು ಬಂತು.

ಲೆಕ್ಕ ಎಲ್ಲರಿಗೂ ಗೊತ್ತಿರಲಿ. ಒಂದರಿಂದ ಐದನೇ ತರಗತಿಯ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. 40 ಮಕ್ಕಳು ಬಂದ ದಿನ 4 ಕೆ.ಜಿ. ಅಕ್ಕಿ, 800 ಗ್ರಾಂ ಬೇಳೆ, 2 ಕೆ.ಜಿ. ತರಕಾರಿ, 200 ಗ್ರಾಂ ಎಣ್ಣೆ ಬೇಕು. ಓದು ಬಾರದ ಅಜ್ಜಿಗೂ ಈ ಲೆಕ್ಕ ಬರುತ್ತದೆ. ದಿನಾ ಮನೆಯಲ್ಲಿ ಅಳೆದು ಬೇಯಿಸಿದ ಕೈ ಅದು!

ಬಡಿಸುವ ಮೊದಲು ದೊಡ್ಡವರು ರುಚಿ ನೋಡಬೇಕು, ಅವರಲ್ಲಿ ಒಬ್ಬರಾದರೂ ಶಿಕ್ಷಕರಿರಬೇಕು ಎಂಬುದು ನಿಯಮ. ಟೀಚರ್ ಜೊತೆ ನಮ್ಮ ಅಜ್ಜಿಯರೂ ರುಚಿ ನೋಡುತ್ತಿದ್ದಾರೆ. ಜುಲೈನಲ್ಲಿ ಒಂದು ವಾರ ಸಾರು ನೀರಾಗಿತ್ತು ಎಂದು ಪುಸ್ತಕದಲ್ಲಿ ಸತತವಾಗಿ ಬರೆದಿತ್ತು. ಊರಲ್ಲಿ ಅಡುಗೆಯ ಅಕ್ಕಂದಿರ ಮೇಲೆ ಮಾತು ಬಂತು. ದಾಸ್ತಾನು ಪುಸ್ತಕದ ಜೊತೆ ಇಟ್ಟು ನೋಡಿದಾಗ ಬೇಳೆ ಬರುವುದೇ ತಡವಾಗಿತ್ತು, ಇದ್ದ ಬೇಳೆಯನ್ನು ಅವರು ಎಳೆದೆಳೆದು ಬಳಸಿದ್ದರು. ಪುಸ್ತಕ ಇಲ್ಲದೇ ಹೋಗಿದ್ದರೆ ಅವರ ತಲೆ ಮೇಲೆ ಗೂಬೆ ಕೂರುತ್ತಿತ್ತು. ಮುಖ್ಯ ಶಿಕ್ಷಕರು ಬರೆದು ಕೇಳಿದ ಮೇಲೆ ಬೇಳೆ ಬಂತು. ಇನ್ನೊಂದು ವಿಷಯ: ಸತತ ಮೂರು ಶಾಲಾ ದಿನ, ಅಥವಾ ಒಂದು ತಿಂಗಳಲ್ಲಿ ಐದು ದಿನ ಊಟ ಸಿಗದಿದ್ದರೆ ಹೊಣೆ ಯಾರದೆಂದು ಸರ್ಕಾರ ಗೊತ್ತುಮಾಡಬೇಕು ಎಂದು 2015ರ ನಿಯಮ ಹೇಳುತ್ತದೆ. ದಿನ ಲೆಕ್ಕ ಇಟ್ಟವರು ಮಾತ್ರ ಇದನ್ನು ಕೇಳಬಲ್ಲರು.

ಮತ್ತೊಂದು ಮಾತು ನೇರವಾಗಿ ಹೇಳುತ್ತೇವೆ. ಊಟ ಹೇಗಿದೆ ಎಂದು ಕೇಳಿ, ಯಾರು ಬೇಯಿಸಿದರು, ಅವರ ಜಾತಿ ಯಾವುದು ಎಂದು ಕೇಳಬೇಡಿ. ಅಡುಗೆ ಕೆಲಸದಲ್ಲಿ ದಲಿತರಿಗೆ, ಪರಿಶಿಷ್ಟರಿಗೆ ಆದ್ಯತೆ ಕೊಡಬೇಕೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹೇಳಿದೆ. ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಅವರಿಗಿಲ್ಲದ ಪಂಕ್ತಿಭೇದವನ್ನು ನಾವು ಕಲಿಸುವುದು ಬೇಡ.

ಹಣದ ಲೆಕ್ಕ

ನಮ್ಮ ತಂಡ ಯಾರಿಂದಲೂ ವಂತಿಗೆ ಎತ್ತಿಲ್ಲ, ಎತ್ತುವುದೂ ಇಲ್ಲ. ಸಮಗ್ರ ಶಿಕ್ಷಣದ ಮಾನದಂಡದಂತೆ 30ಕ್ಕಿಂತ ಹೆಚ್ಚು, 100ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿವರೆಗೆ ಶಾಲಾ ಅನುದಾನ ಇದೆ, ಅದರಲ್ಲಿ ಕನಿಷ್ಠ ಹತ್ತನೇ ಒಂದು ಭಾಗ ಸ್ವಚ್ಛತೆಗೆ. ದೊಡ್ಡ ಹಣವೇನಲ್ಲ. ಆದರೆ ಅದು ಸೋರುವ ಮಾಡಿಗೆ ಹೋಗಬೇಕೋ, ಶೌಚಾಲಯದ ನಲ್ಲಿಗೆ ಹೋಗಬೇಕೋ ಎಂದು ಸಮಿತಿಯ ಸಭೆಯಲ್ಲಿ ಮಾತಾಡಿ ಬರೆದರೆ ಒಂದೊಂದು ರೂಪಾಯಿಗೂ ಬೆಲೆ ಇರುತ್ತದೆ. ಖರ್ಚಿನ ವಿವರವನ್ನು ಗೋಡೆಯ ಮೇಲೆ ಹಚ್ಚಲು ಮುಖ್ಯ ಶಿಕ್ಷಕರು ಒಪ್ಪಿದ್ದಾರೆ.

ಹೊಸದಾಗಿ ಬಂದ ಮಕ್ಕಳು

ಈಗ ತೋಟಗಳಿಗೆ ಉತ್ತರ ಕರ್ನಾಟಕದಿಂದಲೂ ಅಸ್ಸಾಂನಿಂದಲೂ ಕುಟುಂಬಗಳು ಬರುತ್ತಿವೆ. ಟಿ.ಸಿ. ಇಲ್ಲ, ಜನನ ಪ್ರಮಾಣಪತ್ರ ಇಲ್ಲ ಎಂದು ಮಕ್ಕಳನ್ನು ಲೈನ್‌ನಲ್ಲೇ ಬಿಡುತ್ತಾರೆ. ಟಿ.ಸಿ. ತಡವಾಯಿತು ಎಂದು, ವಯಸ್ಸಿನ ದಾಖಲೆ ಇಲ್ಲ ಎಂದು, ವರ್ಷದ ನಡುವೆ ಬಂದರು ಎಂದು ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿ, ಹಿಂದುಳಿದದ್ದನ್ನು ವಿಶೇಷವಾಗಿ ಕಲಿಸಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ನಿಮ್ಮ ಪಕ್ಕದ ಮನೆಗೆ ಅಂಥ ಮಗು ಬಂದಿದ್ದರೆ ಕೈ ಹಿಡಿದು ಕರೆದುಕೊಂಡು ಬನ್ನಿ. ಕನ್ನಡ ಬರೋದಿಲ್ಲ ಅಂತ ಹೆದರಬೇಡಿ, ಆಟದ ಬಯಲಲ್ಲಿ ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ.

ಕೊಯ್ಲಿನ ತಿಂಗಳುಗಳು

ಈಗ ಮುಖ್ಯ ಮಾತಿಗೆ ಬರೋಣ. ನವೆಂಬರ್‌ನಲ್ಲಿ ಅರೇಬಿಕಾ ಹಣ್ಣಾಗುತ್ತದೆ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ. ಹಣ್ಣು ಕಿತ್ತ ಕೆ.ಜಿ. ಲೆಕ್ಕದಲ್ಲಿ ದುಡ್ಡು ಬರುವ ಕಾಲ. ಮನೆಯಲ್ಲಿ ಎಷ್ಟು ಕೈ ಇವೆಯೋ ಅಷ್ಟೂ ಕೈ ತೋಟಕ್ಕೆ ಹೋಗುತ್ತವೆ. ಆಗ ನಾಲ್ಕನೇ ತರಗತಿ, ಐದನೇ ತರಗತಿ ಹುಡುಗಿಯರು ಕಾಣೆಯಾಗುತ್ತಾರೆ. ಕೆಲವರು ಬುಟ್ಟಿ ಹಿಡಿಯಲು ಹೋಗುತ್ತಾರೆ, ಹೆಚ್ಚಿನವರು ತಮ್ಮ ತಂಗಿಯರನ್ನು ಎತ್ತಿಕೊಂಡು ಮನೆಯಲ್ಲಿ ಉಳಿಯುತ್ತಾರೆ. ಮಾರ್ಚ್‌ನಲ್ಲಿ ವಾಪಸು ಬಂದಾಗ ಭಾಗಾಕಾರ ಮರೆತಿರುತ್ತದೆ. ಮುಂದಿನ ವರ್ಷ ಬರಲು ನಾಚಿಕೆ. ಆರನೇ ತರಗತಿಗೆ ಹೊರಗಿನ ಊರಿಗೆ ಹೋಗಬೇಕಲ್ಲ, ಅಲ್ಲಿಗೆ ಓದು ನಿಂತೇ ಹೋಗುತ್ತದೆ.

ಹದಿನಾಲ್ಕರೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚುವುದು ಅಪರಾಧ. ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಆದ ಮೇಲೆ ಈ ನಿಷೇಧ ಎಲ್ಲ ಕೆಲಸಗಳಿಗೂ ಬಂತು. ಆದರೆ ಬರೀ ಕಾನೂನು ಹೇಳಿ ಹೆದರಿಸಿದರೆ ಹುಡುಗಿ ಶಾಲೆಗೆ ಬರುವುದಿಲ್ಲ. ಕೂಸನ್ನು ಯಾರು ನೋಡಿಕೊಳ್ಳಬೇಕು ಎಂಬ ಪ್ರಶ್ನೆಗೆ ಉತ್ತರ ಕೊಟ್ಟರೆ ಬರುತ್ತಾಳೆ. ಅದಕ್ಕೆ ನಾಲ್ಕು ಕೆಲಸ ಯೋಚಿಸಿದ್ದೇವೆ.

ಒಂದು, 50 ಅಥವಾ ಹೆಚ್ಚು ಹೆಂಗಸರು ದುಡಿಯುವ ತೋಟದಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಕೂಸುಗಳಿಗೆ ಜಾಗ, ನೋಡಿಕೊಳ್ಳಲು ಒಬ್ಬ ಆಯಾ ಬೇಕು ಎಂದು ಸಮಿತಿಯ ಜೊತೆ ಹೋಗಿ ತೋಟದ ಮಾಲೀಕರನ್ನು ಗೌರವದಿಂದ ಕೇಳುತ್ತೇವೆ.

ಎರಡು, 2023-24ರ ರಾಜ್ಯ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯಿತಿಗಳಿಗೆ 'ಕೂಸಿನ ಮನೆ' ಘೋಷಿಸಿದ್ದರು. ನಮ್ಮ ಪಂಚಾಯಿತಿಯ ಕೂಸಿನ ಮನೆ ಕೊಯ್ಲಿನ ತಿಂಗಳಲ್ಲಿ ಬೆಳಗ್ಗೆ ಬೇಗ ತೆರೆಯುವಂತೆ ಆಗಬೇಕು. ಇಲ್ಲಿ ಕೂತಿರುವ ಸದಸ್ಯರು ಇವತ್ತೇ ಮಾತು ಕೊಡಲಿ.

ಮೂರು, ಮೂರು ವರ್ಷ ದಾಟಿದ ಮಕ್ಕಳನ್ನು ಅಂಗನವಾಡಿಗೆ ಬಿಡಲು ಅಜ್ಜಿಯರು ಸರದಿ ಹಿಡಿಯುತ್ತಾರೆ. ತಾಯಿ ತೋಟಕ್ಕೆ ಹೊರಟ ಮೇಲೂ ಕೂಸು ಅಂಗನವಾಡಿಗೆ, ಅಕ್ಕ ಶಾಲೆಗೆ.

ನಾಲ್ಕು, ದಿನಾ ಹಾಜರಿ ಕೂಗಿದ ಮೇಲೆ ಬಾರದ ಮಕ್ಕಳ ಹೆಸರನ್ನು ಟೀಚರ್ ನಮಗೆ ಕೊಡುತ್ತಾರೆ. ಅದೇ ದಿನ ಸಂಜೆ ಒಬ್ಬರು ಆ ಮನೆಗೆ ಹೋಗಬೇಕು. ಬೈಯಲು ಅಲ್ಲ, ಕೇಳಲು. ಜ್ವರವೋ, ಕೂಸೋ, ಚಪ್ಪಲಿ ಇಲ್ಲವೋ? ಎರಡು ದಿನದಲ್ಲಿ ಕೇಳಿದರೆ ಮಗು ಸಿಗುತ್ತದೆ, ಎರಡು ತಿಂಗಳ ಮೇಲೆ ಕೇಳಿದರೆ ಸಿಗುವುದಿಲ್ಲ. ಮಗುವಿಗೆ ತೊಂದರೆ ಇದೆ ಎಂದು ಕಂಡರೆ 1098ಕ್ಕೆ ಫೋನು ಮಾಡಿ, ದುಡ್ಡು ಬೀಳುವುದಿಲ್ಲ.

ಬಂಧುಗಳೇ, ಮೇಷ್ಟ್ರು, ಟೀಚರ್ ಇಬ್ಬರೇ ಐದು ತರಗತಿ ನೋಡಿಕೊಂಡು ಮನೆ ಮನೆಗೂ ಹೋಗಲಾರರು. ನಾವು ಕೇಳುವುದು ವಾರಕ್ಕೆ ಒಂದು ಸಂಜೆ, ಒಂದು ಗಂಟೆ. ಹೊರಗೆ ಮೇಜಿನ ಮೇಲೆ ಸರದಿ ಪುಸ್ತಕ ಇದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಪ್ರತಿ ವಾರಕ್ಕೂ ಒಂದು ಪುಟ. ಚಹಾ ಕುಡಿಯುವ ಮೊದಲು ನಿಮ್ಮ ಹೆಸರು ಹೇಳಿ ಬರೆಸಿ, ನಿಮ್ಮ ಬೀದಿಯಲ್ಲಿ ಶಾಲೆಗೆ ಬಾರದ ಮಗು ಇದ್ದರೆ ಆ ಹೆಸರನ್ನೂ ಹೇಳಿ. ಮುಂದಿನ ಸಭೆ ನವೆಂಬರ್‌ನ ಮೊದಲ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ, ಇದೇ ಜಾಗದಲ್ಲಿ.